ಬೆನ್ನು ತೊಳೆದವಳು

ಒಗೆಯುವ ಕಲ್ಲನ್ನು ಮಗುಚಲು ನಾಲ್ಕು ಜನ ಬೇಕಾದರು. ಹಾರೆ ಕೊಟ್ಟು ಮೊದಲು ಒಂದು ಮಗ್ಗುಲಿಗೆ, ಆಮೇಲೆ ಅಂಗಾತ. ಮಣ್ಣು ಉದುರಿದ್ದೇ ತಡ, ಅಂಗಳದಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಕಲ್ಲಿಗೆ ಮೂಗಿತ್ತು, ತುಟಿಯಿತ್ತು, ತೊಡೆಯ ಮೇಲೆ ಸಿಂಹದ ಮರಿ ಮಲಗಿತ್ತು. ಬೆಟ್ಟದ ತಾಯಿ ಹನ್ನೊಂದು ವರ್ಷದ ಮೇಲೆ ಬಿಸಿಲು ನೋಡಿದಳು.

ಸೊಸೆ ದೋಮ್ನಾ ಹಸಿ ಅಂಗಿ ಹಿಡಿದು ಹಾಗೇ ನಿಂತಿದ್ದಳು. ಅವಳು ಮದುವೆಯಾಗಿ ಈ ಮನೆಗೆ ಬಂದ ವಸಂತದಲ್ಲೇ ಹಳೆಯ ಚಕ್ರವರ್ತಿಯ ಜನ ತಾಯಿಯ ಗುಡಿಗೆ ಬೀಗ ಜಡಿದಿದ್ದರು. ಅದಕ್ಕೆ ಒಂದು ದಿನ ಮೊದಲು ಗುಡಿಯ ಪೂಜಾರಿಣಿಯಾಗಿದ್ದ ಅತ್ತೆ ಅಮ್ಮಿಯಾ ಮೂರ್ತಿಯನ್ನು ಹುಲ್ಲಿನ ಗಾಡಿಯಲ್ಲಿ ಮನೆಗೆ ತಂದು, ಅಂಗಳದಲ್ಲಿ ಬೋರಲು ಮಲಗಿಸಿ, ಚಪ್ಪಟೆ ಬೆನ್ನು ತೋರಿಸಿ, ಬಟ್ಟೆ ಇಲ್ಲಿ ಒಗಿ ಅಂತ ಸೊಸೆಗೆ ಹೇಳಿದ್ದಳು. ಅಷ್ಟೇ. ದೋಮ್ನಾ ಕ್ರಿಸ್ತನವಳು. ಕಲ್ಲು ಅಂದುಕೊಂಡೇ ಒಗೆದಳು.

ಈಗ ಕಾಲ ತಿರುಗಿತ್ತು. ಕ್ರಿಸ್ತನ ಸಭೆಯಲ್ಲೇ ಬೆಳೆದ ಹೊಸ ಚಕ್ರವರ್ತಿ ಅದನ್ನು ಬಿಟ್ಟು, ಹಳೆಯ ದೇವರುಗಳಿಗೆ ಕೈಮುಗಿದು, ಮುಚ್ಚಿದ ಗುಡಿಗಳ ಬಾಗಿಲನ್ನೆಲ್ಲ ತೆರೆಯಿರಿ ಎಂದು ಆಜ್ಞೆ ಕಳಿಸಿದ್ದ. ಆದರೆ ಊರಿನ ಗುಡಿಯ ಉಸ್ತುವಾರಿ ಹೊತ್ತ ಟ್ರೊಫಿಮಸ್ ಒಂದು ಕೊಕ್ಕೆ ಹಾಕಿದ. ತಾಯಿಗೆ ವಸಂತದ ಸ್ನಾನ ಒಂದು ವರ್ಷವೂ ತಪ್ಪಬಾರದು. ತಪ್ಪಿದರೆ ಮೂರ್ತಿ ಸತ್ತಂತೆ, ಅದು ಸುಣ್ಣದ ಗೂಡಿಗೆ. ತಾಯಿಯ ದೊಡ್ಡ ಗುಡಿಯಿರುವ ಪೆಸ್ಸಿನುಸ್ ಪಟ್ಟಣದಿಂದ ಹೊಸ ಮೂರ್ತಿ ಬರಬೇಕು, ಜೊತೆಗೆ ಅಲ್ಲಿಯ ಪೂಜಾರಿಯೂ. ಆ ಪೂಜಾರಿ ಟ್ರೊಫಿಮಸ್‌ನ ಭಾವಮೈದುನ ಅನ್ನುವುದು ಊರಿಗೇ ಗೊತ್ತಿತ್ತು.

ಸ್ನಾನ ತಪ್ಪಿಲ್ಲ ಅಂದಳು ಅಮ್ಮಿಯಾ.

"ನಿನ್ನ ಮಾತಿಗೆ ನೀನೇ ಸಾಕ್ಷಿನಾ ಅಜ್ಜಿ?" ಅಂದ ಅಂಗಳದಲ್ಲಿ ನಿಂತಿದ್ದ ಟ್ರೊಫಿಮಸ್.

"ನನ್ನ ಸೊಸೇನ ಕೇಳು. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. ಅವಳ ಜೊತೆ ಬಾಳೋ ಕಷ್ಟಾನೇ ಅದು."

ಟ್ರೊಫಿಮಸ್‌ಗೆ ನಗು ಬಂತು. ಆ ಮುದುಕಿ ಪರವಾಗಿ ಬಾಯಿ ಬಿಡಬೇಡ ಎಂದು ಸಭೆಯ ಹಿರಿಯರು ಬೆಳಿಗ್ಗೆ ತಾನೇ ದೋಮ್ನಾಗೆ ಹೇಳಿ ಹೋಗಿದ್ದು ಅವನ ಕಿವಿಗೂ ಬಿದ್ದಿತ್ತು. ಕಲ್ಲಿಗೆ ದಿನವೂ ನೀರು ಬೀಳುತ್ತಿತ್ತೇ ಎಂದು ಅವನು ಕೇಳಿದ. ಒಗೆದ ದಿನವೆಲ್ಲ ಬೀಳುತ್ತಿತ್ತು, ಬೂದಿ ಹಾಕಿ ಉಜ್ಜುತ್ತಲೂ ಇದ್ದೆ ಅಂದಳು ದೋಮ್ನಾ.

"ಉಜ್ಜಿದ್ದು ಬರೀ ಬೆನ್ನು. ಅದು ಸ್ನಾನ ಆಯ್ತಾ?"

"ನೀನು ಸ್ನಾನದ ಮನೇಲಿ ಮಕಾಡೆ ಮಲಗಿ ಆಳಿನ ಕೈಲಿ ಬೆನ್ನುಜ್ಜಿಸ್ಕೊಂಡು ಬರ್ತೀಯಲ್ಲ," ಅಂದಳು ಅಮ್ಮಿಯಾ, "ಅದೇನು ಊಟನಾ?"

ಹಾರೆ ಹಿಡಿದ ನಾಲ್ವರೂ ಕಿಸಕ್ಕನೆ ನಕ್ಕರು. ಟ್ರೊಫಿಮಸ್ ದೋಮ್ನಾಳ ಕಡೆ ತಿರುಗಿದ.

"ಭಾನುವಾರ ಒಗೀತೀಯೇನಮ್ಮ?"

"ಇಲ್ಲ. ಅದು ಪ್ರಭುವಿನ ದಿನ. ಕಲ್ಲು ಮುಟ್ಟಲ್ಲ."

"ಎಂಟು ವರ್ಷದ ಹಿಂದೆ ತಾಯಿಯ ಸ್ನಾನ ಭಾನುವಾರವೇ ಬಿದ್ದಿತ್ತು. ಹಳೇ ಪಂಚಾಂಗ ತೆಗೆದು ನೋಡೇ ಬಂದಿದೀನಿ."

ಅಮ್ಮಿಯಾ ಕಣ್ಣು ಮುಚ್ಚಿದಳು. ಆ ದಿನ ನಡೆದದ್ದು ಅವಳಿಗೆ ಗೊತ್ತು, ಆದರೆ ಅವಳ ಮಾತು ನಡೆಯುವುದಿಲ್ಲ. ದೋಮ್ನಾ ಸುಮ್ಮನಿದ್ದರೆ ಸಾಕು, ಎಲ್ಲ ಮುಗಿಯಿತು. ದೋಮ್ನಾ ಅಂಗಿಯನ್ನು ಹಿಂಡಿದಳು. ಇನ್ನೊಮ್ಮೆ ಹಿಂಡಿದಳು.

"ಆ ಭಾನುವಾರ ಅತ್ತೆ ತಾವೇ ಒಗೆದ್ರು. ಒಂದೇ ಒಂದು ತಲೆವಸ್ತ್ರ, ಅದಕ್ಕೆ ಏಳು ಕೊಡ ನೀರು. ಪ್ರಭುವಿನ ದಿನಾನೇ ಬೇಕಿತ್ತಾ ನಿಮಗೆ ಅಂತ ಜಗಳ ಆಡಿ ನಾನು ಹತ್ತು ದಿನ ಮಾತು ಬಿಟ್ಟಿದ್ದೆ. ಯಾಕೆ ಒಗೆದ್ರು ಅಂತ ಈಗ ಗೊತ್ತಾಯ್ತು."

ಗೋಡೆಯಾಚೆಯಿಂದ ನೆರೆಯವಳು, ಹೌದು, ಆ ಜಗಳ ಇಡೀ ಬೀದಿಗೆ ಕೇಳಿಸಿತ್ತು ಅಂದಳು.

ಟ್ರೊಫಿಮಸ್ ಕೈಲಿದ್ದ ಪಂಚಾಂಗದ ಸುರುಳಿ ಸುತ್ತಿಕೊಂಡ. ಬೀದಿಯಲ್ಲಿ ಯಾರೋ ತಮಟೆ ಬಾರಿಸಿದರು, ಹನ್ನೊಂದು ವರ್ಷ ಅಟ್ಟದ ಮೇಲಿದ್ದ ತಮಟೆ. ಅದಕ್ಕೆ ಇನ್ನೊಂದು ಸೇರಿತು, ಕೊಳಲು ಸೇರಿತು. ಎತ್ತಿನ ಗಾಡಿಯಲ್ಲಿ ತಾಯಿ ನೆಟ್ಟಗೆ ಕೂತಳು, ಪಕ್ಕದಲ್ಲಿ ಅಮ್ಮಿಯಾ ಅವಳ ಹೆಗಲ ಮೇಲೆ ಕೈ ಹಾಕಿಕೊಂಡು ಮದುಮಗಳ ಹಾಗೆ ಕೂತಳು. ಮನೆ ಮನೆಯಿಂದ ಜನ ಹೂವು ಎಸೆದರು. ಎಸೆದವರಲ್ಲಿ ಹೋದ ವಾರದವರೆಗೆ ಸಭೆಗೆ ಹೋಗುತ್ತಿದ್ದವರೂ ಇದ್ದರು.

ತಿರುವಿನಲ್ಲಿ ಅಮ್ಮಿಯಾ ಗಾಡಿ ನಿಲ್ಲಿಸಿ, ಬಾ, ಇಷ್ಟು ವರ್ಷ ತೊಳೆದವಳು ನೀನು ಎಂದು ಸೊಸೆಯನ್ನು ಕರೆದಳು.

ದೋಮ್ನಾ ಬಾಗಿಲಲ್ಲೇ ನಿಂತಳು. "ನಾನು ಬರಲ್ಲ ಅತ್ತೆ. ಆ ಗುಡಿ ಹೊಸ್ತಿಲು ನಾನು ದಾಟಲ್ಲ." ಗಾಡಿ ಹೊರಟಾಗ ಅದರ ಹಿಂದೆಯೇ ನಾಲ್ಕು ಹೆಜ್ಜೆ ಓಡಿ ಬಂದಳು. "ಬಲಗಿವಿ ಹಿಂದೆ ಇನ್ನೂ ಮಣ್ಣಿದೆ. ಬೇರೆಯವರ ಕೈಲಿ ಮಾಡಿಸ್ಬೇಡಿ, ನೀವೇ ಉಜ್ಜಿ."