ಹೊಡೆದವನೇ ಕೂಗುವ ಅಂಕಿ

ಮೊದಲ ಗುಂಡಿನ ಸದ್ದು ಮೆತ್ತಗಿತ್ತು. ಲಿಬುಷೆಗೆ ಹೋದ ಜೀವ ಬಂದಂತಾಯಿತು.

"ಇನ್ನೂರ ಅರವತ್ತೆಂಟು," ಎಂದು ಅವಳ ಗಂಡ ಹಿನೆಕ್ ಕೂಗಿದ.

ಬಂದ ಜೀವ ಹಾಗೇ ಹೊರಟುಹೋಯಿತು. ನಿನ್ನೆ ಮಧ್ಯಾಹ್ನ ಅವನು ಊಟ ಮಾಡಿ ಮಲಗಿದ್ದಾಗ ಆ ಗುಂಡುಗಳಿಗೆ ಮದ್ದು ತುಂಬಿದವಳು ಅವಳೇ. ಅವನಿಗೆ ತಕ್ಕಡಿಯ ಮುಳ್ಳು ಕಾಣುವುದಿಲ್ಲವೆಂದು ಬೇಸಿಗೆಯಿಂದ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ಪ್ರತಿಯೊಂದರಲ್ಲೂ ಬೇಕೆಂದೇ ಮದ್ದು ಕಡಿಮೆ ಹಾಕಿದ್ದಳು. ಏನೇ ತಿಪ್ಪರಲಾಗ ಹಾಕಿದರೂ ಗುಂಡು ಸೆಕೆಂಡಿಗೆ ಇನ್ನೂರ ಮೂವತ್ತು ಮೀಟರ್ ದಾಟಬಾರದು. ಪಂದ್ಯಕ್ಕೆ ಮುಂಚಿನ ಈ ಮೂರು ಗುಂಡಿನ ಪರೀಕ್ಷೆಯಲ್ಲಿ ಇನ್ನೂರ ಅರವತ್ತು ಮುಟ್ಟದವನಿಗೆ ಪಂದ್ಯದಲ್ಲಿ ಅಂಕವಿಲ್ಲ. ಅಂಕವಿಲ್ಲದ ಪಂದ್ಯಕ್ಕೆ ಹಿನೆಕ್ ನಿಲ್ಲುವವನಲ್ಲ, ರಿವಾಲ್ವರನ್ನು ಪೆಟ್ಟಿಗೆಗೆ ಹಾಕಿಕೊಂಡು ಮನೆಗೆ ಹೊರಡುತ್ತಾನೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅವನ ಎಡಗಣ್ಣು ಹೋಗಿ ಎರಡು ವರ್ಷವಾಗಿತ್ತು. ಬಲಗಣ್ಣಿನ ಒಳಪೊರೆ ಕಿತ್ತುಬಂದಾಗ ಬೇಸಿಗೆಯಲ್ಲಿ ಬ್ರನೋ ನಗರದ ಆಸ್ಪತ್ರೆಯಲ್ಲಿ ಹೇಗೋ ಕೂರಿಸಿದ್ದರು. "ಬಂದೂಕಿನ ಒದೆತಕ್ಕೆ ಮತ್ತೆ ಕಿತ್ತುಬಂದ್ರೆ ನನ್ನ ಕೈಲಿ ಏನೂ ಆಗಲ್ಲ," ಎಂದಿದ್ದಳು ವೈದ್ಯೆ. ಇವತ್ತಿನ ಪಂದ್ಯದಲ್ಲಿ ನೂರ ಎಂಬತ್ತು ಗುಂಡು ಹೊಡೆಯಬೇಕು. ಲಿಬುಷೆ ಬೇಡಿದಳು, ಅತ್ತಳು, ಅವನ ಪರವಾನಗಿಯನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟೂ ನೋಡಿದಳು. ಅವನದು ಒಂದೇ ರಾಗ: "ಮೂವತ್ತೊಂದು ವರ್ಷದಲ್ಲಿ ಒಂದು ಪಂದ್ಯಾನೂ ತಪ್ಪಿಸಿಲ್ಲ ಕಣೇ. ಇದೊಂದು ಮುಗಿಸಿಬಿಡ್ತೀನಿ."

ಎರಡನೆಯ ಗುಂಡು. ಅದೇ ಮೆತ್ತನೆಯ ಸದ್ದು.

"ಇನ್ನೂರ ಎಪ್ಪತ್ತು."

ಹಳೆಯ ಕಲ್ಲುಗಣಿಯ ಗೋಡೆಯ ಮುಂದೆ ಮೇಜು. ಅದರ ಮೇಲೆ ಅಂಗೈಯಗಲದ ರೇಡಾರ್ ಪೆಟ್ಟಿಗೆ. ಹಾರುವ ಗುಂಡಿನ ವೇಗ ಅಳೆದು ಪರದೆಯ ಮೇಲೆ ತೋರಿಸುವ ಯಂತ್ರ ಅದು. ಪರದೆ ಹೊಡೆಯುವವನ ಕಡೆಗೆ ತಿರುಗಿರುತ್ತದೆ. ಲಿಬುಷೆ ಹಗ್ಗದ ಹಿಂದೆ ನಿಂತಿದ್ದಳು, ಅವಳಿಗೆ ಕಾಣುತ್ತಿದ್ದದ್ದು ಹಿನೆಕ್‌ನ ಬೆನ್ನು ಮಾತ್ರ. ಪರೀಕ್ಷಕ ಓಟಕರ್, ಹಿನೆಕ್‌ನ ಶಾಲಾ ದಿನಗಳ ಗೆಳೆಯ, ಪಕ್ಕದಲ್ಲಿ ನಿಂತು ರಿವಾಲ್ವರಿನ ಮೇಲೆ ಕಣ್ಣಿಟ್ಟಿದ್ದ. ಹೊಡೆದವನೇ ಅಂಕಿ ಕೂಗಬೇಕು, ಪರೀಕ್ಷಕ ಬರೆದುಕೊಳ್ಳಬೇಕು. ಈ ಗುರಿಕಾರರ ಸಂಘದ ಪದ್ಧತಿಯೇ ಅದು. ಸದಸ್ಯನ ಮಾತನ್ನು ಬಗ್ಗಿ ನೋಡಿ ಪರೀಕ್ಷಿಸುವುದು ಅವಮಾನವೆಂದು ಇಲ್ಲಿನ ಹಳಬರ ಭಾವನೆ.

"ಇನ್ನೂರ ಅರವತ್ತೊಂಬತ್ತು," ಎಂದ ಹಿನೆಕ್ ಮೂರನೆಯದಕ್ಕೆ.

"ಪಾಸು ಕಣೋ," ಎಂದ ಓಟಕರ್. "ಬೆಳಿಗ್ಗೆ ಕೈ ಚಾಚಿದ್ರೆ ಕುಲುಕ್ದೇನೇ ಹೋದೆಯಲ್ಲ, ಈ ಜಂಭಕ್ಕೇನಾ?"

ಹಿನೆಕ್ ನಕ್ಕ. ಲಿಬುಷೆಗೆ ಲೆಕ್ಕ ಹತ್ತಲಿಲ್ಲ. ಇವನೇ ರಾತ್ರಿ ಎದ್ದು ಮತ್ತೆ ಮದ್ದು ತುಂಬಿದನೇ? ಸಾಧ್ಯವಿಲ್ಲ, ಗುಂಡಿನ ಡಬ್ಬಕ್ಕೆ ಅವಳು ಕಟ್ಟಿದ್ದ ದಾರದ ಗಂಟು ಹಾಗೇ ಇತ್ತು. ಗುರುವಾರದಿಂದ ಕನ್ನಡಕ ರಿಪೇರಿಗೆ ಹೋಗಿದೆ ಎಂದು ಪೇಪರನ್ನೂ ಅವಳಿಂದಲೇ ಓದಿಸಿಕೊಳ್ಳುತ್ತಿದ್ದವನು ಅವನು. ವಾರದಿಂದ ಮಳೆಯಿಲ್ಲ, ಆದರೂ ದಾರಿ ಜಾರುತ್ತದೆಂದು ಅವಳ ತೋಳು ಹಿಡಿದುಕೊಂಡೇ ಗಣಿಗೆ ಇಳಿದಿದ್ದ. ಪಂದ್ಯದ ದಿನ ಗಾಬರಿಯೆಂದರೆ ಹಾಗೆಯೇ ಎಂದುಕೊಂಡಿದ್ದಳು.

ಹಾಗಾದರೆ ಪೆಟ್ಟಿಗೆಯೇ ತಪ್ಪು ತೋರಿಸುತ್ತಿದೆ.

"ಓಟಕರ್, ಪಕ್ಕದ ಸಾಲಲ್ಲೂ ಹೊಡೀತಿದಾರೆ. ನಿನ್ನ ಪೆಟ್ಟಿಗೆ ಅವರ ಗುಂಡು ಹಿಡೀತಿದೆ," ಎಂದಳು. "ಇನ್ನೊಂದ್ಸಲ ಹೊಡೆಸು."

"ಎಲ್ಲರ ಹೆಂಡ್ತೀರೂ ಪಾಸು ಮಾಡು ಅಂತಾರೆ. ನೀನೊಬ್ಬಳು ನೋಡಮ್ಮ," ಎಂದ ಓಟಕರ್. ಆದರೂ ಕೈಗಡಿಯಾರ ನೋಡಿಕೊಂಡ. ಹತ್ತಕ್ಕೆ ಐದು ನಿಮಿಷ. ಹತ್ತಕ್ಕೆ ಪರೀಕ್ಷೆ ಮುಚ್ಚುತ್ತದೆ, ವೇಗ ದಾಖಲಾಗದವನು ಹೊರಗೆ. "ಸರಿ, ಒಂದೇ ಒಂದು. ಗುಂಡು ತರ್ತೀನಿ ಇರು."

ಓಟಕರ್ ಗುಂಡಿನ ಡಬ್ಬದ ಕಡೆ ಹೋದ. ಖಾಲಿ ರಿವಾಲ್ವರ್ ಮೇಜಿನ ಮೇಲಿತ್ತು. ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಿಗೆ ಹಾಕಿಕೊಂಡು ಹಿನೆಕ್ ಚಹದ ಲೋಟಕ್ಕಾಗಿ ಮೇಜು ಸವರುತ್ತಿದ್ದ. ಲಿಬುಷೆ ಹಗ್ಗ ದಾಟಿ, ಲೋಟವನ್ನು ಅವನ ಕೈಗೆ ಸರಿಸುವ ನೆಪದಲ್ಲಿ ಪೆಟ್ಟಿಗೆಯ ಹಿಂದೆ ಕೈ ಹಾಕಿದಳು. ಮುಚ್ಚಳ ಸರಿಸಿದಳು. ಎರಡು ಸೆಲ್ ಅವಳ ಕೋಟಿನ ಜೇಬಿಗೆ ಇಳಿದವು. ಸಂಘಕ್ಕಿರುವುದು ಇದೊಂದೇ ಪೆಟ್ಟಿಗೆ. ಈಗ ಅಂಕಿ ಬರುವುದಿಲ್ಲ. ಅವರು ಒದ್ದಾಡುವಷ್ಟರಲ್ಲಿ ಹತ್ತು ಹೊಡೆಯುತ್ತದೆ. ಬೈದರೆ ಬೈಯಲಿ, ವರ್ಷಗಟ್ಟಲೆ ಮಾತು ಬಿಟ್ಟರೂ ಬಿಡಲಿ, ಕಣ್ಣು ಉಳಿದರೆ ಸಾಕು.

ಓಟಕರ್ ಗುಂಡು ಕೊಟ್ಟ. ಈ ಸಲ ಅವಳು ಹಗ್ಗದ ಹಿಂದೆ ಹೋಗಲಿಲ್ಲ. ಮೇಜಿನ ಪಕ್ಕದಲ್ಲೇ ನಿಂತಳು. ಅಲ್ಲಿಂದ ಪರದೆ ಕಾಣುತ್ತಿತ್ತು. ಕರ್ರಗಿತ್ತು.

ಹಿನೆಕ್ ಹೊಡೆದ. ರಿವಾಲ್ವರ್ ಕೆಳಗಿಟ್ಟ. ಮೇಜಿಗೆ ಕೈಯೂರಿ ಪೆಟ್ಟಿಗೆಯ ಮೇಲೆ ಬಾಗಿದ, ಕಣ್ಣು ಕಿರಿದು ಮಾಡಿದ.

"ಇನ್ನೂರ ಅರವತ್ತೆಂಟು."

ಲಿಬುಷೆ ಜೇಬಿನಿಂದ ಸೆಲ್‌ಗಳನ್ನು ತೆಗೆದು ಅಂಗೈ ಮೇಲಿಟ್ಟು ಅವನ ಮುಖದ ಮುಂದೆ, ಒಂದು ಗೇಣು ದೂರದಲ್ಲಿ ಹಿಡಿದಳು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ, ನಗುತ್ತಲೇ ಇದ್ದ.

"ಓಟಕರ್," ಎಂದ ಹಿನೆಕ್, "ಲಿಬು ಎಲ್ಲಿದಾಳೆ ನೋಡೋ. ಪಾಸಾಯ್ತು ಅಂತ ಹೇಳು."