ನಾಲ್ಕನೆಯ ಕಾಲು

ಮೇಷ್ಟ್ರು ಒಂದೇ ಬೆರಳಿನಿಂದ ಸ್ಟೂಲನ್ನು ಒತ್ತಿದರು. ಟಕ್. ಬೆರಳು ತೆಗೆದರು. ಟಕ್.

"ಇನ್‌ಸ್ಪೆಕ್ಟರಮ್ಮ, ನಾನು ಕೇಳಿದ್ದು ಸ್ಟೂಲು. ನೀವು ತೊಟ್ಟಿಲು ತಂದಿದ್ದೀರಿ."

ತರಗತಿ ನಕ್ಕಿತು. ನಗಲೆಂದೇ ಆಡಿದ ಮಾತು. ಆಕೆಯ ಕಿವಿ ಬಿಸಿಯಾಯಿತು. ಇದು ಮೂರನೆಯ ಸಲ. ಸಂಜೆ ಐದರೊಳಗೆ ಮೇಷ್ಟ್ರು ಒಪ್ಪದಿದ್ದರೆ ಸ್ಟೂಲು ಪ್ರದರ್ಶನಕ್ಕೆ ಹೋಗುವಂತಿಲ್ಲ. ಪ್ರದರ್ಶನಕ್ಕೆ ಹೋಗದಿದ್ದರೆ ಪೀಠೋಪಕರಣ ವಿನ್ಯಾಸ ಕಲಿತ ಇಡೀ ವರ್ಷ ಮಣ್ಣುಪಾಲು.

ನಲವತ್ತೇಳನೇ ವಯಸ್ಸಿನಲ್ಲಿ ಕಟ್ಟಡ ತಪಾಸಣೆಯ ಕೆಲಸ ಬಿಟ್ಟು ಉಳಿ ಹಿಡಿದವಳು. "ಕುರ್ಚಿ ಮೇಲೆ ಕೂರೋ ಕೆಲಸ ಬಿಟ್ಟು ಕುರ್ಚಿ ಮಾಡೋ ಕೆಲಸಕ್ಕೆ ಹೋದಳು ನಮ್ಮಕ್ಕ" ಎಂದು ತಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬಿಟ್ಟು ಬಂದದ್ದಾದರೂ ಎಂಥ ಗತ್ತಿನಲ್ಲಿ! ಕೊನೆಯ ದಿನ ಊಟದ ಹೊತ್ತಿಗೆಲ್ಲ ನಲವತ್ತೊಂದು ಕಡತ ವಿಲೇವಾರಿ ಮಾಡಿ, ಮೇಜಿನ ಮೇಲೆ ಒಂದು ಹಾಳೆ ಉಳಿಸದೆ ಎದ್ದಿದ್ದಳು. ಕಚೇರಿಯವರು ಚಪ್ಪಾಳೆ ತಟ್ಟಿದ್ದರು. ಅದೇ ದಿನ ಮೂರು ಗಂಟೆಗೆ, ಬಣ್ಣದ ವಾಸನೆ ಇನ್ನೂ ಆರದ ಈ ಹೊಸ ಕಟ್ಟಡದಲ್ಲಿ ಮೊದಲ ಪಾಠಕ್ಕೆ ಹಾಜರು. ಆ ದಿನದ ನೆನಪಿಗೆಂದೇ ಹಳೆಯ ಸಹಿಯ ಬಾಲವನ್ನು, ಮೂರು ಸುತ್ತಿನ ಸುರುಳಿಯನ್ನು, ತನ್ನ ಕೈಕೆಲಸದ ಗುರುತಾಗಿ ಸ್ಟೂಲಿನ ತಳದಲ್ಲಿ ಸುಟ್ಟು ಮೂಡಿಸಿದ್ದಳು.

"ನಾಲ್ಕನೇ ಕಾಲು ಕೂದಲೆಳೆಯಷ್ಟು ಉದ್ದ. ಕೊಯ್ಯಿರಿ," ಎಂದರು ಮೇಷ್ಟ್ರು.

"ಎರಡು ಸಲ ಕೊಯ್ದೆ ಸರ್. ಇಲ್ಲಿಗೆ ಸರಿ ಮಾಡಿದ್ರೆ ಮನೇಲಿ ಅಲುಗುತ್ತೆ. ಮನೇಲಿ ಸರಿ ಮಾಡಿದ್ರೆ ಇಲ್ಲಿ ಅಲುಗುತ್ತೆ."

"ಹಾಗಾದ್ರೆ ಮನೇನ ರಿಪೇರಿ ಮಾಡಿಸಿ."

ಮತ್ತೆ ನಗು. ಆಕೆ ಉಳಿಯನ್ನು ಮೇಜಿನ ಮೇಲೆ ಕುಕ್ಕಿದಳು. ಚೀಲದ ತಳದಿಂದ ಮಟ್ಟ ನೋಡುವ ತನ್ನ ಹಳೆಯ ರಸಮಟ್ಟ ತೆಗೆದು, ಮೊಣಕಾಲೂರಿ ನೆಲದ ಮೇಲಿಟ್ಟಳು. ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲದೆ ಎಡಕ್ಕೆ ಓಡಿತು. ಎರಡು ಮಾರು ಆಚೆ ಇಟ್ಟಳು. ಬಲಕ್ಕೆ ಓಡಿತು.

"ಬನ್ನಿ ಸರ್, ನೋಡಿ. ನಿಮ್ಮ ನೆಲ ನಡುವೆ ತಟ್ಟೆ ಹಾಗೆ ಕುಸಿದಿದೆ. ಒಂದು ವರ್ಷದಿಂದ ನಾವು ನೆಲದ ತಪ್ಪಿಗೆ ಮರ ಕೊಯ್ತಾ ಇದ್ದೀವಿ!"

ಈಗ ಯಾರೂ ನಗಲಿಲ್ಲ. ಎಲ್ಲರೂ ಅವರವರ ಸ್ಟೂಲಿನ ಕಾಲು ನೋಡಿಕೊಂಡರು. ಮೇಷ್ಟ್ರ ಮುಖ ಕೆಂಪಾಯಿತು.

"ನಾನು ಮರದವನಮ್ಮ, ನೆಲದವನಲ್ಲ. ಈ ನೆಲಕ್ಕೆ ಸರ್ಟಿಫಿಕೇಟ್ ಇದೆ. ನಿಮ್ಮ ಇಲಾಖೆಯವರೇ ಖುದ್ದು ಬಂದು ಅಳೆದು ಬರೆದುಕೊಟ್ಟಿದ್ದಾರೆ."

"ಖುದ್ದು ಬಂದು?" ಆಕೆ ಎದ್ದು ನಿಂತಳು. ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ಮೆಟ್ಟಿಲು ಹತ್ತಿಳಿದವಳಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. "ಯಾವನ್ರೀ ಆ ಪುಣ್ಯಾತ್ಮ? ಕೂತಲ್ಲೇ ಗೀಚಿ ಕಳಿಸಿದ್ದಾನೆ. ಇಂಥವರಿಂದಲೇ ನಮ್ಮ ಇಲಾಖೆ ಮಾನ ಹೋಗಿದ್ದು. ತೆಗೀರಿ ಆ ಕಾಗದ. ಅವನ ನೌಕರಿ ಕಳೀದೆ ಬಿಡಲ್ಲ ನಾನು!"

ಮೇಷ್ಟ್ರು ಬೀರುವಿನಿಂದ ಕಡತ ತಂದರು. "ಖುದ್ದಾಗಿ ಸ್ಥಳ ಪರಿಶೀಲಿಸಿದೆ. ನೆಲ ಸಮತಟ್ಟಾಗಿದೆ," ಎಂದು ಗಟ್ಟಿಯಾಗಿ ಓದಿದರು. ತಾರೀಖು ಓದಿದರು; ಪಾಠ ಶುರುವಾದ ದಿನದ್ದೇ. ಆಮೇಲೆ ಓದುವುದನ್ನು ನಿಲ್ಲಿಸಿದರು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. ಆಕೆಯ ಸ್ಟೂಲನ್ನು ಎತ್ತಿ, ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು, ಪಕ್ಕದಲ್ಲಿ ಕಾಗದ ಹರಡಿದರು.

ಕಾಗದದಲ್ಲೂ ಮರದಲ್ಲೂ ಸಹಿಯ ಬಾಲಕ್ಕೆ ಮೂರೇ ಸುತ್ತು.