ಪೆಲ್ಸಿಯಾನೊನ ಹೆಗ್ಗೆಣಸು

ಹುಟ್ಟಿದ ಮೇಲೆ ಮೊದಲ ಸಲ ಪೆಲ್ಸಿಯಾನೊ ಬೆವರು ಸುರಿಸಿ ದುಡಿಯುತ್ತಿದ್ದ. ಅದೂ ಕಳ್ಳತನಕ್ಕೆ.

ಬೆಳಗಿನಿಂದ ಅಗೆಯುತ್ತಿದ್ದಾನೆ, ಗೆಣಸಿನ ಬುಡ ಸಿಗುತ್ತಿಲ್ಲ. ತೋಳಿನಷ್ಟು ಎಂದುಕೊಂಡದ್ದು ತೊಡೆಯಷ್ಟಾಯಿತು. ತೊಡೆಯಷ್ಟು ಎಂದುಕೊಂಡದ್ದು ಹಂದಿಯಷ್ಟಾಗಿ, ಇನ್ನೂ ಕೆಳಕ್ಕೆ ಇಳಿದೇ ಇತ್ತು. ಅಂಗೈ ತುಂಬ ಬೊಬ್ಬೆ. ಎಲೆ ಅಲುಗಿದರೂ ಎದೆ ಧಸಕ್ಕೆನ್ನುತ್ತಿತ್ತು. ಆದರೆ ನಿಲ್ಲಿಸುವಂತಿರಲಿಲ್ಲ. ನಾಳೆಯೇ ದೊರೆಯ ಚಾವಡಿಯಲ್ಲಿ ಹಬ್ಬ.

ಪೊನ್‌ಪೇ ದ್ವೀಪದಲ್ಲಿ ಗಂಡಸಿನ ಮಾನ ಇರುವುದು ಅವನ ಹೆಗ್ಗೆಣಸಿನಲ್ಲಿ. ಕಾಡಿನಲ್ಲಿ ಗುಟ್ಟಾಗಿ ಬೆಳೆಸಬೇಕು, ಹಬ್ಬದ ದಿನ ದೊರೆಯ ಮುಂದೆ ತಂದಿಡಬೇಕು. ಎಲ್ಲರದಕ್ಕಿಂತ ದೊಡ್ಡದಾದರೆ ಬಿರುದು. ಗಂಡನಿಗೊಂದು, ಅದಕ್ಕೆ ಜೋಡಿಯಾಗಿ ಹೆಂಡತಿಗೊಂದು. ಅಲ್ಲಿಯವರೆಗೆ ಎಲ್ಲಿ ನೆಟ್ಟೆ, ಎಷ್ಟು ಬೆಳೆಯಿತು ಎಂದು ಯಾರೂ ಕೇಳುವಂತಿಲ್ಲ. ಇನ್ನೊಬ್ಬನ ಬಳ್ಳಿಯ ಕಡೆ ಕಣ್ಣು ಹಾಯಿಸುವುದೂ ನಾಚಿಕೆಗೇಡು. ಹೆಂಗಸರಂತೂ ಆ ಸುದ್ದಿಗೇ ಹೋಗುವಂತಿಲ್ಲ, ಅದು ಗಂಡಸರ ಕೆಲಸ.

ಪೆಲ್ಸಿಯಾನೊನನ್ನು ಕೆಡಿಸಿದ್ದು ಈ ಮರ್ಯಾದೆಯೇ. ಮುಖ ಬಿಗಿದುಕೊಂಡು ಕಾಡಿನ ದಾರಿ ಹಿಡಿದರೆ ಸಾಕು, ಮೀನು ಹಿಡಿಯಲು ಕರೆಯುವವರಿಲ್ಲ, ಮಾಡು ಹೊದಿಸಲು ಕರೆಯುವವರಿಲ್ಲ. ಹೆಂಡತಿ ಯೊಸ್ಕೊ ಸುಟ್ಟ ದೀವಿಹಲಸು, ಮೀನು ಎಲೆಯಲ್ಲಿ ಕಟ್ಟಿಕೊಡುತ್ತಿದ್ದಳು. ಅವನು ದೊಡ್ಡ ಮರವೊಂದರ ಕೆಳಗೆ ಚಾಪೆ ಹಾಸಿ, ತಿಂದು, ಹೊತ್ತು ಇಳಿಯುವವರೆಗೆ ಗೊರಕೆ ಹೊಡೆಯುತ್ತಿದ್ದ. ಹಬ್ಬ ಬಂದಾಗ ಬೆರಳು ಗಾತ್ರದ್ದೇನನ್ನೋ ತಂದಿಟ್ಟು, ಮಿಕ್ಕಿದ್ದನ್ನು ಹಂದಿ ತಿಂದಿತು ಎನ್ನುತ್ತಿದ್ದ. ಯೊಸ್ಕೊಳ ಅಪ್ಪ ಹೆಗ್ಗೆಣಸಿನಲ್ಲಿ ಹೆಸರು ಮಾಡಿದ ಮನುಷ್ಯ. ಅಂಥವನ ಮಗಳು ಹಬ್ಬದ ಪಂಕ್ತಿಯಲ್ಲಿ ಕಟ್ಟಕಡೆಗೆ ಕೂರುತ್ತಿದ್ದಳು. ಒಂದು ದಿನವೂ ಬಾಯಿ ಬಿಟ್ಟವಳಲ್ಲ.

ನಿನ್ನೆ ಬಿಟ್ಟಳು.

"ಹೊರೋದಕ್ಕೆ ಬನ್ನಿ ಅಂತ ಅಣ್ಣಂದಿರಿಗೆ ಹೇಳಿ ಕಳಿಸಿದೀನಿ."

"ಅವರ‍್ಯಾಕೆ? ನಾನೊಬ್ನೇ ಹೊತ್ಕೊಂಡು ಬರ್ತೀನಿ ಬಿಡು."

"ನಿನ್ನ ಬೆರಳು ಗಾತ್ರದ್ದಕ್ಕೆ ಒಬ್ಬನೂ ಬೇಡ. ಈ ಸಲಾನೂ ಅದನ್ನೇ ತಂದ್ರೆ, ಅವರು ಗೆಣಸಿನ ಬದಲು ನನ್ನ ಗಂಟುಮೂಟೆ ಹೊತ್ಕೊಂಡು ತವರಿಗೆ ಹೋಗ್ತಾರೆ. ಹಿಂದೆ ನಾನೂ ಹೋಗ್ತೀನಿ."

ನಕ್ಕಳೇನೋ ಎಂದು ಅವನು ಮುಖ ನೋಡಿದ. ನಕ್ಕಿರಲಿಲ್ಲ. ಯೊಸ್ಕೊ ಇಲ್ಲದ ಮನೆ ನೆನೆದು ಅವನಿಗೆ ನಿಜಕ್ಕೂ ಅಳು ಬಂತು. ಆಗಲೇ ಆ ಬಳ್ಳಿಯ ನೆನಪಾದದ್ದು.

ಅವನು ಮಲಗುತ್ತಿದ್ದ ಮರಕ್ಕೇ ಯಾರೋ ಬಳ್ಳಿ ಹಬ್ಬಿಸಿದ್ದರು. ಒಡೆಯನನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಆದರೂ ಎದ್ದಾಗೆಲ್ಲ ಬುಡಕ್ಕೆ ಹೊಸ ಸೊಪ್ಪು ಬಿದ್ದಿರುತ್ತಿತ್ತು. ನಿದ್ದೆ ಕೆಡಿಸದೆ ಬಂದು ಹೋಗುವ ಸಜ್ಜನ, ಪಾಪ. ಪಕ್ಕದ ಮನೆಯ ವೆಲ್ಟರನೇ ಇರಬೇಕು. ಪ್ರತಿವರ್ಷ ಗೆಲ್ಲುತ್ತಿದ್ದವನು ಅವನು. ಕದ್ದದ್ದು ತಿಳಿದರೂ ವೆಲ್ಟರ್ ತುಟಿ ಬಿಚ್ಚುವಂತಿರಲಿಲ್ಲ. ಅಷ್ಟು ದೊಡ್ಡ ಗೆಣಸನ್ನು ತುಂಬಿದ ಸಭೆಯಲ್ಲಿ ನನ್ನದು ಎಂದರೆ ಜಂಬ ಕೊಚ್ಚಿದಂತೆ, ಅದಕ್ಕಿಂತ ಹೇಸಿಗೆ ಇನ್ನೊಂದಿಲ್ಲ.

ಮರುದಿನ ಭಾವಂದಿರು ಬಂದರು. ದೋಣಿ ಎಳೆಯುವ ಹಗ್ಗ, ಮನೆಯ ತೊಲೆಯಷ್ಟು ದಪ್ಪದ ಗಳ ತಂದಿದ್ದರು. ಇವರಿಗೆ ನನ್ನ ಮೇಲೆ ಎಷ್ಟು ನಂಬಿಕೆ ಎಂದು ಪೆಲ್ಸಿಯಾನೊನಿಗೆ ಇನ್ನಷ್ಟು ನಾಚಿಕೆಯಾಯಿತು. ಏದುಸಿರು ಬಿಡುತ್ತ ಹೊತ್ತು ತಂದು ಚಾವಡಿಯಲ್ಲಿಳಿಸಿದಾಗ, ಹಬ್ಬದ ಪಾನೀಯಕ್ಕೆ ಸಕಾವ್ ಬೇರು ಜಜ್ಜುತ್ತಿದ್ದವರ ಕೈಗಳು ನಿಂತವು.

ವೆಲ್ಟರ್ ಎದ್ದು ಬಂದು ಗೆಣಸಿನ ಸುತ್ತ ಒಂದು ಸುತ್ತು ಹಾಕಿದ. ಆ ಸಪ್ಪೆ ಮುಖ ನೋಡಿ ಪೆಲ್ಸಿಯಾನೊನಿಗೆ ತಡೆಯಲಾಗಲಿಲ್ಲ.

"ದೊರೆ, ಇದು ನಾನು ಬೆಳೆಸಿದ್ದಲ್ಲ!"

ಚಾವಡಿಯ ತುಂಬ ಮೆಚ್ಚುಗೆಯ ಗುಸುಗುಸು ಎದ್ದಿತು.

"ಆಹಾ! ಕೇಳಿದ್ರೇನ್ರೋ ವಿನಯ? ನಮ್ಮ ಕಾಲದೋರು ಹೀಗೆ ಮಾತಾಡ್ತಿದ್ರು" ಎಂದ ಒಬ್ಬ ಮುದುಕ.

"ಅಯ್ಯೋ, ವಿನಯ ಅಲ್ಲ ಅಜ್ಜ! ನಾನು ಮರದ ಕೆಳಗೆ ಬಿದ್ಕೊಂಡಿದ್ದೆ ಅಷ್ಟೆ! ಒಂದು ಹಿಡಿ ಸೊಪ್ಪೂ ಹಾಕಿಲ್ಲ!"

ಮುದುಕ ಕಣ್ಣೊರೆಸಿಕೊಂಡ. "ಸಾಕು ಮಗನೇ, ಸಾಕು. ಇದಕ್ಕಿಂತ ಯಾರೂ ತಗ್ಗಿ ನಡಿಯೋಕಾಗಲ್ಲ."

"ನಂದು ಅಲ್ಲಿದೆ ನೋಡು," ವೆಲ್ಟರ್ ಚಾವಡಿಯ ಮೂಲೆ ತೋರಿಸಿದ. "ನಿಂದರ ಮುಂದೆ ಇಲಿ ಬಾಲ. ಹಾಗೆ ಬಿದ್ಕೊಳ್ಳೋದು ಹೇಗೆ ಅಂತ ನಂಗೂ ಸ್ವಲ್ಪ ಹೇಳ್ಕೊಡು ಮಾರಾಯ."

ಪೆಲ್ಸಿಯಾನೊ ಮೂಲೆಯತ್ತ ನೋಡಿದ. ವೆಲ್ಟರನದು ಅಲ್ಲೇ ಇತ್ತು. ಹಾಗಾದರೆ ಇದು ಯಾರದು?

ದೊರೆ ಬಿರುದು ಸಾರಿದ. ಪೆಲ್ಸಿಯಾನೊನ ಮೈಗೆ ಕೊಬ್ಬರಿ ಎಣ್ಣೆ ಸವರಿದರು, ಕೈಗೆ ಸಕಾವ್ ತುಂಬಿದ ಚಿಪ್ಪು ಕೊಟ್ಟರು. ಬಳಿಕ ಯೊಸ್ಕೊಳ ಹೊಸ ಬಿರುದನ್ನೂ ಕೂಗಿ, ತಲೆಗೆ ಹೂದಂಡೆ ಇಟ್ಟು, ಮುಂದಿನ ಸಾಲಿನಲ್ಲಿ ಕೂರಿಸಿದರು. ಅವಳು ಅಲ್ಲಿಯೇ ಹುಟ್ಟಿದವಳಂತೆ ಕೂತಳು. ಪೆಲ್ಸಿಯಾನೊ ಚಿಪ್ಪನ್ನು ಪಕ್ಕದವನಿಗೆ ದಾಟಿಸಿದ. ಸದ್ದಿಲ್ಲದೆ ಅವಳ ಪಕ್ಕಕ್ಕೆ ಸರಿದ.

"ಯೊಸ್ಕೊ, ನಾನು ಹೇಳಿದ್ದು ನಿಜ ಕಣೆ. ಅದು ಕದ್ದಿದ್ದು. ನೀನು ಹೊರಟೋಗ್ತೀಯ ಅಂತ ಹೆದರಿ ಕದ್ದೆ. ಯಾರದ್ದು ಅಂತ ಹುಡುಕಿ ಕಾಲಿಗೆ ಬಿದ್ದುಬಿಡ್ತೀನಿ."

"ಕಾಲಿಗೆ ಬೀಳೋದೇನೂ ಬೇಡ," ಯೊಸ್ಕೊ ಸಭೆಯ ಕಡೆಗೇ ನೋಡುತ್ತ ನಗುಮುಖದಲ್ಲಿ ಪಿಸುಗುಟ್ಟಿದಳು. "ಮುಂದಿನ ವರ್ಷ ಸ್ವಲ್ಪ ಆಚೆ ಮಲಕ್ಕೋ. ಸೊಪ್ಪು ಹಾಕೋಕೆ ಬಂದಾಗೆಲ್ಲ ನಿನ್ನ ಕಾಲು ದಾಟಿ ದಾಟಿ ನಂಗೆ ಸಾಕಾಗಿದೆ."